ಕಾರು ಸಿಗುತ್ತದೆ, ಟ್ರ್ಯಾಕ್ಟರ್ ಏಕೆ ಸಿಗುವುದಿಲ್ಲ?

ಪ್ರಶ್ನೆ: ಸರ್, ವಿಮಾನದಲ್ಲಿ ಕೂರಿಸಿದ ಒಂದು ಪ್ರಾಯೋಗಿಕ ರಾಡಾರ್‌ನ ಸಿಗ್ನಲ್ ಪ್ರೊಸೆಸಿಂಗ್ ತಂಡದಲ್ಲಿ ನಾನಿದ್ದೇನೆ. ಎಕ್ಸ್-ಬ್ಯಾಂಡ್, 10 ಗಿಗಾಹರ್ಟ್ಸ್. ಪಕ್ಕಕ್ಕೆ ನೋಡುವ 1.2 ಮೀಟರ್ ಉದ್ದದ ಆಂಟೆನಾ, ಅದರಲ್ಲಿ ಬೇರೆಬೇರೆಯಾಗಿ ಸಿಗ್ನಲ್ ಹಿಡಿಯುವ 8 ಚಾನೆಲ್. ವಿಮಾನದ ವೇಗ ಸೆಕೆಂಡಿಗೆ 150 ಮೀಟರ್, ಪಿಆರ್‌ಎಫ್ 2000 ಹರ್ಟ್ಸ್ (ಸೆಕೆಂಡಿಗೆ 2000 ಪಲ್ಸ್), ಒಂದು ಸಲಕ್ಕೆ 32 ಪಲ್ಸ್, ಬ್ಯಾಂಡ್‌ವಿಡ್ತ್ 10 ಮೆಗಾಹರ್ಟ್ಸ್. ಚಾನೆಲ್ ಮತ್ತು ಪಲ್ಸ್ ಎರಡನ್ನೂ ಒಟ್ಟಿಗೆ ಹಿಡಿದು 256 ಆಯಾಮದ ಸ್ಪೇಸ್-ಟೈಮ್ ಅಡಾಪ್ಟಿವ್ ಪ್ರೊಸೆಸಿಂಗ್, ಅಂದರೆ ನೆಲದ ಪ್ರತಿಫಲನವನ್ನು ಡೇಟಾದಿಂದಲೇ ಕಲಿತು ಅಳಿಸುವ ವಿಧಾನ, ಬರೆದಿದ್ದೇವೆ. ಸಿಮ್ಯುಲೇಶನ್‌ನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ಗುರಿಯೂ ಸಲೀಸಾಗಿ ಸಿಗುತ್ತದೆ. ಹಾರಾಟದ ಡೇಟಾದಲ್ಲಿ ಗಂಟೆಗೆ 40 ಕಿ.ಮೀ. ವೇಗದ ಕಾರುಗಳು ಸಿಗುತ್ತವೆ, ಆದರೆ 20 ಕಿ.ಮೀ. ದೂರದಲ್ಲಿ ನಾವೇ ಜಿಪಿಎಸ್ ಕಟ್ಟಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಓಡಿಸಿದ ಟ್ರ್ಯಾಕ್ಟರ್‌ನ ಸುಳಿವೇ ಇಲ್ಲ. ರಸ್ತೆ ನಮ್ಮ ಹಾರಾಟದ ದಾರಿಗೆ ಸುಮಾರು 30 ಡಿಗ್ರಿ ಓರೆಯಾಗಿತ್ತು. ನೆಲದ ಪ್ರತಿಫಲನದ ಸ್ವಭಾವ ಹೇಳುವ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಸುತ್ತಲಿನ 300 ರೇಂಜ್ ಸೆಲ್ (ದೂರದ ತುಂಡು) ತೆಗೆದುಕೊಂಡಿದ್ದೇವೆ. ತಂಡದಲ್ಲಿ ಒಬ್ಬರು ಟ್ರಾನ್ಸ್‌ಮಿಟರ್ ಪವರ್ ಹೆಚ್ಚಿಸೋಣ ಅನ್ನುತ್ತಾರೆ, ಇನ್ನೊಬ್ಬರು ಪಲ್ಸ್ ಹೆಚ್ಚಿಸೋಣ ಅನ್ನುತ್ತಾರೆ, ಮತ್ತೊಬ್ಬರು ಇದನ್ನೆಲ್ಲ ಬಿಟ್ಟು ಡೀಪ್ ಲರ್ನಿಂಗ್‌ಗೆ ಹೋಗೋಣ ಅನ್ನುತ್ತಾರೆ. ಮುಂದಿನ ಹಾರಾಟದೊಳಗೆ ಒಂದೇ ಒಂದು ಬದಲಾವಣೆಗೆ ಹಣ ಸಿಗಬಹುದು. ಯಾವುದಕ್ಕೆ ಹಾಕಬೇಕು?

ಉತ್ತರ: ಅಂಕಿಗಳನ್ನೆಲ್ಲ ಬಿಡದೆ ಬರೆದಿದ್ದೀರಿ, ಅರ್ಧ ಉತ್ತರ ಅವುಗಳಲ್ಲೇ ಇದೆ. ನಿಮ್ಮ ಆತಂಕ ಅಲ್ಗಾರಿದಮ್ ಬಗ್ಗೆ: ಕಾಗದದ ಮೇಲೆ ಗೆದ್ದದ್ದು ಆಕಾಶದಲ್ಲಿ ಸೋತಿತು, ಹಾಗಾದರೆ ಬರೆದದ್ದರಲ್ಲೇ ಎಲ್ಲೋ ತಪ್ಪಿದೆಯೇ ಅಂತ. ನೀವು ಕೊಟ್ಟ ವಿವರ ನೋಡಿದರೆ ಕೋಡ್ ಬಹುಶಃ ಸರಿಯಾಗಿಯೇ ಇದೆ. ಅದಕ್ಕೆ ಕಲಿಯಲು ಕೊಟ್ಟ ಡೇಟಾ ಸಾಲದು, ಇದ್ದದ್ದೂ ಶುದ್ಧವಿಲ್ಲ. ಅದಕ್ಕೂ ಮೊದಲು, ಟ್ರ್ಯಾಕ್ಟರ್ ನೀವು ಅಂದುಕೊಂಡ ವೇಗದಲ್ಲಿ ರಾಡಾರ್‌ಗೆ ಕಾಣಿಸಿಕೊಂಡೇ ಇಲ್ಲ.

ಅಲ್ಲಿಂದಲೇ ಶುರು ಮಾಡೋಣ. ಗಂಟೆಗೆ 8 ಕಿ.ಮೀ. ಅಂದರೆ ಸೆಕೆಂಡಿಗೆ 2.2 ಮೀಟರ್. ಡಾಪ್ಲರ್‌ಗೆ (ಚಲನೆಯಿಂದ ಪ್ರತಿಫಲನದ ಆವರ್ತನದಲ್ಲಿ ಆಗುವ ಬದಲಾವಣೆಗೆ) ಬೇಕಾದದ್ದು ಈ ವೇಗ ಅಲ್ಲ, ರಾಡಾರ್‌ನ ನೋಟದ ರೇಖೆಯ ಮೇಲೆ ಬೀಳುವ ಅದರ ಪಾಲು. ಆಂಟೆನಾ ಪಕ್ಕಕ್ಕೆ ನೋಡುತ್ತದೆ, ರಸ್ತೆ ಹಾರಾಟದ ದಾರಿಗೆ 30 ಡಿಗ್ರಿ ಓರೆ. ಅಂದಮೇಲೆ ನೋಟದ ರೇಖೆಗೂ ರಸ್ತೆಗೂ ನಡುವೆ 60 ಡಿಗ್ರಿ. ಕೊಸೈನ್ 60 ಅಂದರೆ ಅರ್ಧ. ರಾಡಾರ್‌ಗೆ ಸಿಕ್ಕಿದ್ದು ಸೆಕೆಂಡಿಗೆ 1.1 ಮೀಟರ್ ಮಾತ್ರ. ತರಂಗಾಂತರ 3 ಸೆಂ.ಮೀ. ಇರುವಾಗ ಡಾಪ್ಲರ್ 74 ಹರ್ಟ್ಸ್. ಅದೇ ರಸ್ತೆಯ 40 ಕಿ.ಮೀ. ಕಾರಿಗೂ ಅರ್ಧವೇ ಸಿಕ್ಕಿತು, ಆದರೂ ಅದರ ಡಾಪ್ಲರ್ 370 ಹರ್ಟ್ಸ್. ಈ ಎರಡು ಸಂಖ್ಯೆಗಳ ನಡುವೆ ಎಲ್ಲೋ ಒಂದು ಗೋಡೆ ಇದೆ.

ಗೋಡೆ ಎಲ್ಲಿದೆ ಅಂತ ಲೆಕ್ಕ ಹಾಕಬಹುದು. ರಾಡಾರ್ ನೆಲದ ಮೇಲೆ ನಿಂತಿದ್ದರೆ ನೆಲದ ಪ್ರತಿಫಲನವೆಲ್ಲ ಸೊನ್ನೆ ಡಾಪ್ಲರ್‌ನಲ್ಲಿ ಕೂತಿರುತ್ತದೆ, ಚಲಿಸುವ ಯಾವುದೇ ವಸ್ತುವನ್ನು ಬೇರ್ಪಡಿಸುವುದು ಸುಲಭ. ವಿಮಾನ ಓಡುತ್ತಿರುವಾಗ ಹಾಗಲ್ಲ. ಬೀಮ್‌ನ ಮುಂಬದಿಯ ಅಂಚಿನಲ್ಲಿರುವ ಹೊಲ ಹತ್ತಿರ ಬರುವಂತೆ, ಹಿಂಬದಿಯ ಅಂಚಿನ ಹೊಲ ದೂರ ಸರಿಯುವಂತೆ ಕಾಣುತ್ತದೆ. ಹೀಗೆ ಮುಖ್ಯ ಬೀಮ್‌ನೊಳಗಿನ ನೆಲ ಡಾಪ್ಲರ್‌ನಲ್ಲಿ ಹರಡಿಕೊಳ್ಳುತ್ತದೆ. ಆ ಹರವು ಸರಿಸುಮಾರು ವಿಮಾನದ ವೇಗದ ಎರಡರಷ್ಟನ್ನು ಆಂಟೆನಾದ ಉದ್ದದಿಂದ ಭಾಗಿಸಿದಷ್ಟು. ನಿಮ್ಮ ಲೆಕ್ಕದಲ್ಲಿ 300 ಭಾಗಿಸು 1.2, ಅಂದರೆ 250 ಹರ್ಟ್ಸ್. ಸೊನ್ನೆಯ ಆಚೆಗೆ 125, ಈಚೆಗೆ 125. ಬೀಮ್‌ನ ಇಳಿಜಾರು ಅದರಾಚೆಗೂ ಚಾಚಿರುತ್ತದೆ. ಟ್ರ್ಯಾಕ್ಟರ್ 74 ಹರ್ಟ್ಸ್‌ನಲ್ಲಿದೆ. ಅದು ಕ್ಲಟರ್‌ನ (ನೆಲದಿಂದ ಬರುವ ಬೇಡದ ಪ್ರತಿಫಲನದ) ಅಂಚಿನಲ್ಲಲ್ಲ, ಒಳಗೇ ಇದೆ. ಕಾರು ಆರಾಮಾಗಿ ಹೊರಗಿದೆ. ಕಾರು ಸಿಕ್ಕಿತೆಂದು ನಿಮ್ಮ ಅಡಾಪ್ಟಿವ್ ಪ್ರೊಸೆಸಿಂಗ್ ಕೆಲಸ ಮಾಡುತ್ತಿದೆ ಅಂತ ತಿಳಿಯಬೇಡಿ. ಆ ಕಾರು ಸಾದಾ ಡಾಪ್ಲರ್ ಫಿಲ್ಟರ್‌ಗೂ ಸಿಗುತ್ತಿತ್ತು.

ಈಗ ತಂಡದವರ ಸಲಹೆಗಳನ್ನು ಒಂದೊಂದಾಗಿ ನೋಡೋಣ.

ಪವರ್ ಹೆಚ್ಚಿಸಿದರೆ ಟ್ರ್ಯಾಕ್ಟರ್‌ನ ಪ್ರತಿಫಲನ ಹೆಚ್ಚುತ್ತದೆ ಅನ್ನುವುದು ನಿಜ. ಆದರೆ ನೆಲದ್ದೂ ಅಷ್ಟೇ ಹೆಚ್ಚುತ್ತದೆ. ಕ್ಲಟರ್ ನಾಯ್ಸ್‌ಗಿಂತ 40–50 ಡೆಸಿಬೆಲ್ ಮೇಲಿರುವ ಕಡೆ ಗುರಿಗೂ ಕ್ಲಟರ್‌ಗೂ ಇರುವ ಅನುಪಾತ ಕೂದಲೆಳೆಯಷ್ಟೂ ಕದಲುವುದಿಲ್ಲ. ಪವರ್ ಉಪಯೋಗಕ್ಕೆ ಬರುವುದು ಕ್ಲಟರನ್ನು ನಾಯ್ಸ್ ಮಟ್ಟಕ್ಕೆ ಇಳಿಸಿದ ಮೇಲೆ, ಆಗಲೂ ಗುರಿ ದುರ್ಬಲವಾಗಿದ್ದರೆ. ನೀವಿನ್ನೂ ಆ ಹಂತಕ್ಕೆ ಬಂದಿಲ್ಲ.

ಪಲ್ಸ್ ಹೆಚ್ಚಿಸುವ ಮಾತು ಅರ್ಧ ನಿಜ, ಅದಕ್ಕೇ ಹೆಚ್ಚು ದಾರಿ ತಪ್ಪಿಸುತ್ತದೆ. 32 ಪಲ್ಸ್ ಅಂದರೆ 16 ಮಿಲಿಸೆಕೆಂಡ್, ಡಾಪ್ಲರ್ ರೆಸಲ್ಯೂಶನ್ 62.5 ಹರ್ಟ್ಸ್. 64 ಮಾಡಿದರೆ 31 ಹರ್ಟ್ಸ್ ಆಗುತ್ತದೆ. ಒಂದೇ ಚಾನೆಲ್ ಇದ್ದರೆ ಇದರಿಂದ ಹೆಚ್ಚೇನೂ ದಕ್ಕುವುದಿಲ್ಲ, ಯಾಕೆಂದರೆ 250 ಹರ್ಟ್ಸ್ ಹರವು ಆಂಟೆನಾದಿಂದ ಬಂದದ್ದು, ಪಲ್ಸ್ ಎಷ್ಟು ಕಳಿಸಿದರೂ ಅದು ಕುಗ್ಗದು. ಹಲವು ಚಾನೆಲ್ ಇರುವಾಗ ಉಪಯೋಗವಿದೆ: ಪ್ರತಿ ಡಾಪ್ಲರ್ ಬಿನ್ (ಆವರ್ತನದ ತುಂಡು) ನೆಲದ ತೆಳುವಾದ ಒಂದು ಸೀಳನ್ನಷ್ಟೇ ಹಿಡಿಯುತ್ತದೆ, ಆ ಸೀಳಿನ ದಿಕ್ಕಿಗೆ ಚಾನೆಲ್‌ಗಳು ಕರಾರುವಾಕ್ಕಾಗಿ ನಾಚ್ (ಅಲ್ಲಿಂದ ಬರುವುದನ್ನು ಅಳಿಸುವ ತಡೆ) ಹಾಕಬಲ್ಲವು. ಆದರೆ ನೀವು ಈಗಿನಂತೆ ಎಲ್ಲವನ್ನೂ ಒಂದೇ ಮ್ಯಾಟ್ರಿಕ್ಸ್‌ಗೆ ತುಂಬುತ್ತೀರಾದರೆ 64 ಪಲ್ಸ್ ಅಂದರೆ 512 ಆಯಾಮ. ಈಗಿರುವ ರೋಗ ಇಮ್ಮಡಿಯಾಗುತ್ತದೆ.

ಡೀಪ್ ಲರ್ನಿಂಗ್ ಬಗ್ಗೆ ನನ್ನ ಮಾತು ಚುಟುಕಾಗಿದೆ. ಕ್ಲಟರನ್ನು ತೆಗೆದಾದ ಮೇಲೆ ಉಳಿದ ಚುಕ್ಕೆಗಳಲ್ಲಿ ಯಾವುದು ವಾಹನ, ಯಾವುದು ಕಟ್ಟಡದ ಮೂಲೆ ಅಂತ ವಿಂಗಡಿಸಲು ಅದು ಒದಗುತ್ತದೆ. ಕ್ಲಟರ್ ತೆಗೆಯುವ ಕೆಲಸವನ್ನೇ ಅದಕ್ಕೆ ವಹಿಸಿದರೆ, ಸಿಮ್ಯುಲೇಶನ್ ಡೇಟಾದಲ್ಲಿ ಪಳಗಿದ ಜಾಲ ನಿಮ್ಮ ಸಿಮ್ಯುಲೇಶನ್‌ನಷ್ಟೇ ಚೆನ್ನಾಗಿ ಗೆದ್ದು, ಅಷ್ಟೇ ಚೆನ್ನಾಗಿ ಸೋಲುತ್ತದೆ.

ಇನ್ನು ಮುಖ್ಯ ವಿಷಯ. ಸ್ಪೇಸ್-ಟೈಮ್ ಅಡಾಪ್ಟಿವ್ ಪ್ರೊಸೆಸಿಂಗ್‌ನ ಸಿದ್ಧಾಂತವನ್ನು ಬ್ರೆನನ್ ಮತ್ತು ರೀಡ್ 1973ರಲ್ಲಿ ಬರೆದಿಟ್ಟರು. ಅದರ ಸಾರ ಸರಳ. ನೆಲದ ಪ್ರತಿ ತುಣುಕಿಗೂ ಅದರ ದಿಕ್ಕು ಮತ್ತು ಡಾಪ್ಲರ್ ಒಂದಕ್ಕೊಂದು ಕಟ್ಟುಬಿದ್ದಿವೆ. ಇಂಥ ದಿಕ್ಕಿನ ನೆಲಕ್ಕೆ ಇಂಥದೇ ಡಾಪ್ಲರ್ ಇರಬೇಕು. ದಿಕ್ಕು ಒಂದು ಅಕ್ಷ, ಡಾಪ್ಲರ್ ಇನ್ನೊಂದು ಅಕ್ಷವಾಗಿ ಚಿತ್ರ ಬರೆದರೆ ಇಡೀ ನೆಲ ಒಂದು ಓರೆ ಗೆರೆಯ ಮೇಲೆ ಬಂದು ಕೂರುತ್ತದೆ. ಟ್ರ್ಯಾಕ್ಟರ್‌ಗೆ ಸ್ವಂತ ವೇಗ ಇರುವುದರಿಂದ ಅದು ಆ ಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಡಾಪ್ಲರ್ ಮಾತ್ರ ನೋಡಿದರೆ ನೆಲದಲ್ಲಿ ಮುಳುಗಿದ ಗುರಿ, ಎರಡನ್ನೂ ಒಟ್ಟಿಗೆ ನೋಡಿದರೆ ಬೇರೆಯಾಗಿ ನಿಲ್ಲುತ್ತದೆ. ಎಷ್ಟು ಸರಿದಿರುತ್ತದೆ ಅನ್ನುವುದೇ ಪ್ರಶ್ನೆ: ಗುರಿಯ ವೇಗವನ್ನು ವಿಮಾನದ ವೇಗದಿಂದ ಭಾಗಿಸಿದಷ್ಟು ರೇಡಿಯನ್. 1.1 ಭಾಗಿಸು 150 ಅಂದರೆ 0.0074 ರೇಡಿಯನ್, ಅರ್ಧ ಡಿಗ್ರಿಗಿಂತ ಕಡಿಮೆ. ನಿಮ್ಮ ಬೀಮ್‌ನ ಅಗಲವೇ 0.025 ರೇಡಿಯನ್. ಬೀಮ್‌ನ ಮೂರನೇ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸವನ್ನು ಹಿಡಿಯಬೇಕು. ಸಾಧ್ಯವಿದೆ, ಆದರೆ ಕ್ಲಟರ್ ಗೆರೆ ಎಲ್ಲಿದೆ, ಎಷ್ಟು ದಪ್ಪ ಇದೆ ಅನ್ನುವುದನ್ನು ಡೇಟಾದಿಂದ ನಿಖರವಾಗಿ ಕಲಿತಿದ್ದರೆ ಮಾತ್ರ.

ಸಿಮ್ಯುಲೇಶನ್‌ನಲ್ಲಿ ನೀವು ಕಲಿಯಲೇ ಇಲ್ಲ. ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಸೂತ್ರದಿಂದ ಸಿದ್ಧವಾಗಿ ಸಿಕ್ಕಿತು, ಅಥವಾ ಒಂದೇ ಬಗೆಯ ನೆಲದಿಂದ ಬೇಕಾದಷ್ಟು ಮಾದರಿ ಸಿಕ್ಕಿತು. ಹಾರಾಟದಲ್ಲಿ 300 ಸೆಲ್‌ಗಳಿಂದ 256 ಆಯಾಮದ ಮ್ಯಾಟ್ರಿಕ್ಸ್ ಕಟ್ಟಿದಿರಿ. ರೀಡ್, ಮ್ಯಾಲೆಟ್ ಮತ್ತು ಬ್ರೆನನ್ 1974ರಲ್ಲೇ ತೋರಿಸಿದ ಲೆಕ್ಕದ ಪ್ರಕಾರ, ಆಯಾಮದ ಎರಡರಷ್ಟು ಮಾದರಿ ಇದ್ದರೆ ಸರಾಸರಿ 3 ಡೆಸಿಬೆಲ್ ನಷ್ಟ. 300 ಮಾದರಿಗೆ 256 ಆಯಾಮ ಅಂದರೆ ನಷ್ಟ 8 ಡೆಸಿಬೆಲ್‌ಗೂ ಮೇಲೆ. ಇದು ಎಲ್ಲ 300 ಸೆಲ್‌ಗಳೂ ಒಂದೇ ಬಗೆಯ ನೆಲ, ಎಲ್ಲವೂ ಶುದ್ಧ ಅಂತ ಇಟ್ಟುಕೊಂಡಾಗಿನ ಮಾತು.

ನಿಯಮಕ್ಕೆ ತಕ್ಕಂತೆ 512 ಸೆಲ್ ತೆಗೆದುಕೊಳ್ಳಿ ಅಂತ ಹೇಳಿಬಿಡುವುದು ಸುಲಭ. 10 ಮೆಗಾಹರ್ಟ್ಸ್‌ಗೆ ಒಂದು ಸೆಲ್ 15 ಮೀಟರ್, 512 ಸೆಲ್ ಅಂದರೆ 7.7 ಕಿ.ಮೀ. ಅಷ್ಟು ಉದ್ದಕ್ಕೆ ಒಂದೇ ಬಗೆಯ ನೆಲ ಎಲ್ಲಿ ಸಿಗುತ್ತದೆ? ನಡುವೆ ಕೆರೆ ಬರುತ್ತದೆ, ತೋಪು ಬರುತ್ತದೆ, ಊರು ಬರುತ್ತದೆ. ಊರಿನ ಪ್ರಬಲ ಪ್ರತಿಫಲನ ಸರಾಸರಿಯನ್ನು ತನ್ನ ಕಡೆ ಎಳೆದುಕೊಂಡು, ಹೊಲದ ಮೇಲಿನ ಟ್ರ್ಯಾಕ್ಟರ್‌ಗೆ ಬೇಡದ ಅಗಲದ ನಾಚ್ ಹಾಕಿಬಿಡುತ್ತದೆ. ಕೆರೆಯ ಕಡೆಯಿಂದ ಬಂದ ಸೆಲ್‌ಗಳು ಕ್ಲಟರ್ ಇಲ್ಲವೇ ಇಲ್ಲ ಎಂಬ ತಪ್ಪು ಸಾಕ್ಷಿ ಹೇಳಿ ನಾಚನ್ನು ಆಳವಿಲ್ಲದಂತೆ ಮಾಡುತ್ತವೆ. ನಾನು ನೋಡಿದ ಮಟ್ಟಿಗೆ, ಹಾರಾಟದಲ್ಲಿ ಸೋತ ಇಂಥ ಪ್ರೊಸೆಸರ್‌ಗಳು ಹೆಚ್ಚಾಗಿ ಸೋತದ್ದು ಇಲ್ಲೇ.

ಇದಕ್ಕಿಂತ ನವಿರಾದ ತೊಂದರೆ ಒಂದಿದೆ. ಕಲಿಯಲು ಆರಿಸಿದ ಸೆಲ್‌ಗಳಲ್ಲೇ ಗುರಿಯಂಥ ವಾಹನಗಳಿದ್ದರೆ ಏನಾಗುತ್ತದೆ? ಪ್ರೊಸೆಸರ್ ಅವನ್ನೂ ಕ್ಲಟರ್ ಅಂತಲೇ ಕಲಿಯುತ್ತದೆ. ಅದೇ ದಿಕ್ಕು, ಅದೇ ಡಾಪ್ಲರ್‌ಗೆ ನಾಚ್ ಹಾಕಿ, ನೀವು ಹುಡುಕುತ್ತಿರುವ ಟ್ರ್ಯಾಕ್ಟರನ್ನೇ ಅಳಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ನಿಮ್ಮ ಹಾರಾಟದಲ್ಲಿ ಇದಕ್ಕೆ ಎಷ್ಟು ಅವಕಾಶ ಇತ್ತು ನೋಡಿ. 20 ಕಿ.ಮೀ. ದೂರದಲ್ಲಿ ಬೀಮ್‌ನ ಅಗಲ ನೆಲದ ಮೇಲೆ 500 ಮೀಟರ್. ರಸ್ತೆ ನೋಟದ ರೇಖೆಗೆ 60 ಡಿಗ್ರಿಯಲ್ಲಿರುವುದರಿಂದ, ಬೀಮ್‌ನೊಳಗಿನ ರಸ್ತೆ ರೇಂಜ್‌ನಲ್ಲಿ ಸುಮಾರು 290 ಮೀಟರ್ ಆಕ್ರಮಿಸುತ್ತದೆ. ಅಂದರೆ 19 ಸೆಲ್. ಟ್ರ್ಯಾಕ್ಟರ್‌ನ ಅತಿ ಸಮೀಪದ, ಅತಿ ಬೆಲೆಬಾಳುವ ಸೆಲ್‌ಗಳಲ್ಲಿ ಹತ್ತೊಂಬತ್ತು ರಸ್ತೆಯೇ. ತಿರುವಿನಲ್ಲಿ ನಿಧಾನಿಸಿದ ಒಂದೆರಡು ವಾಹನ ಅಲ್ಲಿದ್ದರೂ ಕೆಲಸ ಕೆಟ್ಟಿತು. ವೇಗದ ಕಾರುಗಳು ಟ್ರ್ಯಾಕ್ಟರನ್ನು ನೇರವಾಗಿ ಅಳಿಸುವುದಿಲ್ಲ, ಆದರೆ ಪ್ರತಿಯೊಂದಕ್ಕೂ ಒಂದು ನಾಚ್ ಖರ್ಚಾಗುತ್ತದೆ. ಟ್ರ್ಯಾಕ್ಟರ್‌ನ ಸ್ವಂತ ಸಿಗ್ನಲ್ ಕೂಡ ಪಲ್ಸ್ ಕಂಪ್ರೆಶನ್‌ನ ಸೈಡ್‌ಲೋಬ್ (ಮುಖ್ಯ ಶಿಖರದ ಪಕ್ಕದ ಸಣ್ಣ ಶಿಖರಗಳ) ಮೂಲಕ ಅಕ್ಕಪಕ್ಕದ ಸೆಲ್‌ಗೆ ಸೋರಿರುತ್ತದೆ. ಪರೀಕ್ಷಿಸುವ ಸೆಲ್‌ನ ಎರಡೂ ಬದಿಗೆ ಗಾರ್ಡ್ ಸೆಲ್, ಅಂದರೆ ಕಲಿಕೆಗೆ ಬಳಸದ ಸೆಲ್, ಬಿಟ್ಟಿದ್ದೀರಾ? ಪತ್ರದಲ್ಲಿ ಆ ಮಾತಿಲ್ಲ.

ಹಾಗಾದರೆ ಏನು ಮಾಡಬಹುದು? ಇದ್ದ ಡೇಟಾದ ಮೇಲೇ, ಖರ್ಚಿಲ್ಲದೆ ಮಾಡುವಂಥದ್ದು ಬಹಳ ಇದೆ.

ಮೊದಲು ಅಡಾಪ್ಟಿವ್ ಅನ್ನುವುದನ್ನೇ ಪಕ್ಕಕ್ಕಿಟ್ಟು ಡಿಪಿಸಿಎ (ಡಿಸ್ಪ್ಲೇಸ್ಡ್ ಫೇಸ್ ಸೆಂಟರ್ ಆಂಟೆನಾ) ಮಾಡಿ ನೋಡಿ. ನಿಮ್ಮ ಚಾನೆಲ್‌ಗಳ ನಡುವಿನ ಅಂತರ 15 ಸೆಂ.ಮೀ., ಒಂದು ಪಲ್ಸ್‌ನಿಂದ ಇನ್ನೊಂದಕ್ಕೆ ವಿಮಾನ ಸರಿಯುವುದು 7.5 ಸೆಂ.ಮೀ., ಸರಿಯಾಗಿ ಅರ್ಧ. ಯೋಚಿಸಿ ಇಟ್ಟ ಪಿಆರ್‌ಎಫ್ ಆಗಿದ್ದರೆ ಇಟ್ಟವರಿಗೆ ಶಹಬಾಸ್. ಇದರಿಂದಾಗಿ ಮುಂದಿನ ಚಾನೆಲ್ ಈ ಪಲ್ಸ್‌ನಲ್ಲಿ ನೋಡಿದ್ದನ್ನೇ ಹಿಂದಿನ ಚಾನೆಲ್ ಮುಂದಿನ ಪಲ್ಸ್‌ನಲ್ಲಿ ಅದೇ ಜಾಗದಿಂದ ನೋಡಿದಂತಾಗುತ್ತದೆ. ಒಂದರಿಂದ ಒಂದನ್ನು ಕಳೆದರೆ ನಿಂತ ನೆಲ ಹೋಗುತ್ತದೆ, ಚಲಿಸಿದ್ದು ಉಳಿಯುತ್ತದೆ. ಮ್ಯಾಟ್ರಿಕ್ಸ್ ಇಲ್ಲ, ಕಲಿಕೆ ಇಲ್ಲ. ಆದರೆ ಪಕ್ಕದ ಚಾನೆಲ್‌ಗಳನ್ನೇ ಕಳೆದರೆ ನಡುವಿನ ಸಮಯ ಅರ್ಧ ಮಿಲಿಸೆಕೆಂಡ್ ಮಾತ್ರ, ಅಷ್ಟರಲ್ಲಿ ಟ್ರ್ಯಾಕ್ಟರ್ ಹೆಚ್ಚೇನೂ ಸರಿದಿರುವುದಿಲ್ಲ, 74 ಹರ್ಟ್ಸ್‌ನ ಸಿಗ್ನಲ್ಲೂ 13 ಡೆಸಿಬೆಲ್‌ನಷ್ಟು ಕಳೆದುಹೋಗುತ್ತದೆ. ನಾಲ್ಕು ಚಾನೆಲ್ ದೂರ, ನಾಲ್ಕು ಪಲ್ಸ್ ತಡ ಇಟ್ಟು ಕಳೆಯಿರಿ. ಆಗ ನಷ್ಟ 1 ಡೆಸಿಬೆಲ್. ಎರಡು ಚಾನೆಲ್‌ಗಳ ನಾಯ್ಸ್ ಕೂಡುವುದರಿಂದ ಇನ್ನೊಂದು 3 ಡೆಸಿಬೆಲ್ ಹೋಗುತ್ತದೆ, ಇರಲಿ. ಡಿಪಿಸಿಎಯ ಅಪಾಯ ಅಂದರೆ ವಿಮಾನದ ವೇಗ ಸ್ವಲ್ಪ ಏರುಪೇರಾದರೂ, ಚಾನೆಲ್‌ಗಳ ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಅದು ಕೈಕೊಡುತ್ತದೆ. ಅದನ್ನೇ ನಾವು ಪರೀಕ್ಷೆಯಾಗಿ ಬಳಸುವುದು: ಬೋಳು ನೆಲದ ಮೇಲೆ ಕಳೆದಾಗ ಕ್ಲಟರ್ ಎಷ್ಟು ಡೆಸಿಬೆಲ್ ಇಳಿಯಿತು ಅಂತ ನೋಡಿ. ಚಾನೆಲ್‌ಗಳ ನಡುವೆ 1 ಡಿಗ್ರಿ ಫೇಸ್ ವ್ಯತ್ಯಾಸ ಇದ್ದರೆ ಸುಮಾರು 35 ಡೆಸಿಬೆಲ್ ಇಳಿಯುತ್ತದೆ. 5 ಡಿಗ್ರಿ ಇದ್ದರೆ 21ರ ಹತ್ತಿರ ನಿಂತುಬಿಡುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿದೆ. ಅಡಾಪ್ಟಿವ್ ವೇಟ್‌ಗಳು (ಪ್ರತಿ ಚಾನೆಲ್, ಪಲ್ಸ್‌ಗೆ ಪ್ರೊಸೆಸರ್ ಕೊಡುವ ತೂಕಗಳು) ಚಾನೆಲ್‌ಗಳ ತಪ್ಪನ್ನೆಲ್ಲ ತಾವೇ ಸರಿಮಾಡಿಕೊಳ್ಳುತ್ತವೆ, ಕ್ಯಾಲಿಬ್ರೇಶನ್ ಬೇಡ ಅಂತ. ಬದಲಾಗದ ಫೇಸ್ ವ್ಯತ್ಯಾಸವನ್ನು ವೇಟ್‌ಗಳು ನುಂಗಿಕೊಳ್ಳುತ್ತವೆ, ನಿಜ. ಆದರೆ ಬ್ಯಾಂಡ್‌ನ ಒಂದು ತುದಿಯಲ್ಲಿ ಒಂದು ಥರ, ಇನ್ನೊಂದು ತುದಿಯಲ್ಲಿ ಇನ್ನೊಂದು ಥರ ಇರುವ ವ್ಯತ್ಯಾಸವನ್ನು, ಪಲ್ಸ್‌ನಿಂದ ಪಲ್ಸ್‌ಗೆ ನಡುಗುವ ಫೇಸನ್ನು ಒಂದು ವೇಟ್ ಸರಿಮಾಡಲಾರದು. ಗುರಿ ಯಾವ ದಿಕ್ಕಿನಲ್ಲಿದ್ದರೆ ಹೇಗೆ ಕಾಣಬೇಕು ಎಂಬ ಸ್ಟಿಯರಿಂಗ್ ವೆಕ್ಟರ್ ಕೂಡ ತಪ್ಪಿದ ಕ್ಯಾಲಿಬ್ರೇಶನ್‌ನಿಂದ ತಪ್ಪುತ್ತದೆ, ಆಗ ಪ್ರೊಸೆಸರ್ ನಿಜವಾದ ಗುರಿಯನ್ನು ಹೊರಗಿನವನೆಂದು ಭಾವಿಸಿ ಅದುಮುತ್ತದೆ.

ಎರಡನೇ ಕೆಲಸ, ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳನ್ನು, ಅಂದರೆ ಯಾವ ಆಯಾಮದಲ್ಲಿ ಎಷ್ಟು ಶಕ್ತಿ ಇದೆ ಅನ್ನುವುದನ್ನು, ದೊಡ್ಡದರಿಂದ ಸಣ್ಣದಕ್ಕೆ ಬರೆದು ನೋಡುವುದು. 256 ಆಯಾಮ ಇದ್ದರೂ ಕ್ಲಟರ್ ಅದರಲ್ಲಿ ಅಷ್ಟೂ ಜಾಗ ಹಿಡಿಯುವುದಿಲ್ಲ. ಬ್ರೆನನ್ ನಿಯಮದ ಪ್ರಕಾರ ನಿಮ್ಮ ಜೋಡಣೆಗೆ ಅದು 8 (ಚಾನೆಲ್) ಕೂಡಿಸು 31 (ಪಲ್ಸ್ ಸಂಖ್ಯೆಗಿಂತ ಒಂದು ಕಡಿಮೆ), ಅಂದರೆ 39ನ್ನು ಮೀರಬಾರದು. 39ರ ಹೊತ್ತಿಗೆ ಮೌಲ್ಯಗಳು ಕಡಿದು ಬಿದ್ದು ನಾಯ್ಸ್ ಮಟ್ಟಕ್ಕೆ ಬಂದರೆ ಹಾರ್ಡ್‌ವೇರ್ ಚೆನ್ನಾಗಿದೆ. 60, 70ರ ತನಕ ಬಾಲ ಎಳೆದಿದ್ದರೆ ಏನೋ ಗೆರೆಯನ್ನು ದಪ್ಪ ಮಾಡುತ್ತಿದೆ: ಒಂದೋ ಚಾನೆಲ್‌ಗಳ ಅಸಮತೆ, ಇಲ್ಲವೇ ಗಾಳಿಗೆ ಅಲ್ಲಾಡುವ ಮರಗಿಡ. ಇವೆರಡನ್ನು ಬೇರ್ಪಡಿಸಲು ಬೋಳು ನೆಲದ ತುಂಡೊಂದು, ಮರಗಳ ತುಂಡೊಂದು ಆರಿಸಿ ಎರಡಕ್ಕೂ ಬೇರೆಬೇರೆ ಮಾಡಿ. ಬಾಲ ಎರಡರಲ್ಲೂ ಇದ್ದರೆ ಹಾರ್ಡ್‌ವೇರ್, ಮರಗಳಲ್ಲಿ ಮಾತ್ರ ಇದ್ದರೆ ಗಾಳಿ. ಗಾಳಿಗೆ ಮದ್ದಿಲ್ಲ. ಎಲೆಕೊಂಬೆಗಳಿಗೂ ಸ್ವಂತ ವೇಗ ಇದೆ, ಅದು ಟ್ರ್ಯಾಕ್ಟರ್‌ನ ವೇಗಕ್ಕೆ ಸಮೀಪ ಬಂದಾಗ ಯಾವ ಗಣಿತವೂ ಅವೆರಡನ್ನು ಪೂರ್ತಿ ಬಿಡಿಸಲಾರದು. ಶಾಂತ ಹವೆಯಲ್ಲಿ ಹಾರಬಹುದು, ಅಷ್ಟೇ.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವಂಥದು: ಆಯಾಮ ಇಳಿಸಿ. ಮೊದಲು ಪ್ರತಿ ಚಾನೆಲ್‌ನಲ್ಲೂ ಡಾಪ್ಲರ್ ಫಿಲ್ಟರ್ ಮಾಡಿಕೊಳ್ಳಿ, ಆಮೇಲೆ ಪರೀಕ್ಷಿಸುವ ಬಿನ್ ಮತ್ತು ಅದರ ಎರಡು ಬದಿಯ ಬಿನ್‌ಗಳನ್ನು ಮಾತ್ರ 8 ಚಾನೆಲ್‌ಗಳೊಂದಿಗೆ ಸೇರಿಸಿ. ಮೂರೆಂಟ್ಲಿ ಇಪ್ಪತ್ನಾಲ್ಕು. 24 ಆಯಾಮಕ್ಕೆ 48 ಸೆಲ್ ಸಾಕು, ಅಂದರೆ 720 ಮೀಟರ್. 100 ಸೆಲ್ ತೆಗೆದುಕೊಂಡರೆ ಮಾದರಿ ಕೊರತೆಯ ನಷ್ಟ 1 ಡೆಸಿಬೆಲ್ ಆಸುಪಾಸಿಗೆ ಇಳಿಯುತ್ತದೆ, ಆಗಲೂ 1.5 ಕಿ.ಮೀ. ನೆಲವಷ್ಟೇ ಬೇಕು. 8 ಡೆಸಿಬೆಲ್ ಎಲ್ಲಿ, 1 ಡೆಸಿಬೆಲ್ ಎಲ್ಲಿ! ಆದರ್ಶ ಸ್ಥಿತಿಯಲ್ಲಿ ಪೂರ್ಣ 256 ಆಯಾಮದ ಪ್ರೊಸೆಸರ್ ಇದಕ್ಕಿಂತ ಸ್ವಲ್ಪ ಮೇಲು. ಆದರೆ ಆ ಆದರ್ಶ ಸ್ಥಿತಿ ನೆಲದ ಮೇಲೆ ಸಿಗದು. ಅಮೆರಿಕದ ಲಿಂಕನ್ ಲ್ಯಾಬೊರೇಟರಿಯ ವಾರ್ಡ್ 1994ರ ತಾಂತ್ರಿಕ ವರದಿಯಲ್ಲಿ ಈ ಬಗೆಯ ಆಯಾಮ ಇಳಿಸುವ ದಾರಿಗಳನ್ನು ಒಂದೆಡೆ ಜೋಡಿಸಿಟ್ಟಿದ್ದಾರೆ, ಇಂದಿಗೂ ತಂಡಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಓದಿಸುವುದು ಅದನ್ನೇ. ಇಲ್ಲಿ ಒಂದು ಎಚ್ಚರಿಕೆ: ಡಾಪ್ಲರ್ ಫಿಲ್ಟರ್‌ನ ಸೈಡ್‌ಲೋಬ್ ಇಳಿಸಲು ತೀರ ಭಾರಿ ವಿಂಡೋ (ಪಲ್ಸ್ ಸರಣಿಯ ಎರಡು ತುದಿಗಳನ್ನು ತಗ್ಗಿಸುವ ತೂಕ) ಹಾಕಬೇಡಿ. ಅದು ಬಿನ್‌ಗಳನ್ನು ಅಗಲ ಮಾಡುತ್ತದೆ, ನಿಮಗೆ ಬೇಕಾದ 74 ಹರ್ಟ್ಸ್ ಮತ್ತೆ ನಡುವಿನ ಕ್ಲಟರ್‌ನೊಳಗೆ ಕರಗುತ್ತದೆ.

ಇದರ ಜೊತೆಗೆ ಡಯಾಗನಲ್ ಲೋಡಿಂಗ್ ಹಾಕಿ, ಅಂದರೆ ಮ್ಯಾಟ್ರಿಕ್ಸ್‌ನ ಕರ್ಣದ ಮೇಲೆ ಒಂದು ಸಣ್ಣ ಮೊತ್ತವನ್ನು ಕೂಡಿಸಿ. ಮಾದರಿ ಕಡಿಮೆ ಇದ್ದಾಗ ಸಣ್ಣ ಐಗನ್ ಮೌಲ್ಯಗಳು ನಿಜಕ್ಕಿಂತ ತೀರ ಸಣ್ಣದಾಗಿ ತೋರುತ್ತವೆ, ವೇಟ್‌ಗಳು ಬರಿ ನಾಯ್ಸ್‌ನ ಬೆನ್ನು ಹತ್ತಿ ಬೀಮ್ ಆಕಾರವನ್ನೇ ಕೆಡಿಸುತ್ತವೆ. ಲೋಡಿಂಗ್ ಅದನ್ನು ತಡೆಯುತ್ತದೆ. ನಾಯ್ಸ್ ಮಟ್ಟಕ್ಕಿಂತ 5ರಿಂದ 10 ಡೆಸಿಬೆಲ್ ಮೇಲೆ ಇಟ್ಟು ಶುರುಮಾಡಿ. ಹೆಚ್ಚಾದರೆ ದುರ್ಬಲ ಕ್ಲಟರ್ ಅಳಿಯದೆ ಉಳಿಯುತ್ತದೆ, ನಿಧಾನದ ಗುರಿಗೆ ಅದೇ ಮುಳುವು.

ನಾಲ್ಕನೆಯದು ಮಾದರಿಗಳ ಶುದ್ಧಿ. ನಿಮ್ಮಲ್ಲಿ ರಸ್ತೆಯ ನಕ್ಷೆ ಇದೆ, ವಿಮಾನದ ಜಿಪಿಎಸ್ ಇದೆ. ರಸ್ತೆ ಬೀಳುವ ಸೆಲ್‌ಗಳನ್ನು ಕಲಿಕೆಯಿಂದ ಹೊರಗಿಡಿ. ನಕ್ಷೆ ಮತ್ತು ರಾಡಾರ್ ಒಂದಕ್ಕೊಂದು ಹೊಂದದೆ ಕೆಲವು ಸೆಲ್ ಆಚೀಚೆ ಆದರೆ ತಪ್ಪು ಸೆಲ್ ಬಿಟ್ಟು ತಪ್ಪು ಸೆಲ್ ಉಳಿಯುತ್ತದೆ, ಹಾಗಾಗಿ ಧಾರಾಳವಾಗಿಯೇ ಬಿಡಿ. ಉಳಿದವುಗಳನ್ನು ಡೇಟಾದಿಂದಲೇ ಜರಡಿ ಹಿಡಿಯಬಹುದು. ಪ್ರತಿ ಸೆಲ್‌ನ ವೆಕ್ಟರನ್ನು ಮ್ಯಾಟ್ರಿಕ್ಸ್‌ನ ವಿಲೋಮದೊಂದಿಗೆ ಎರಡೂ ಕಡೆ ಗುಣಿಸಿ ಬರುವ ಮೊತ್ತ ನೋಡಿ. ಒಂದೇ ಬಗೆಯ ನೆಲವಾದರೆ ಅದು 24ರ ಆಸುಪಾಸಿನಲ್ಲಿರಬೇಕು. ಬಹಳ ಮೇಲೆ ಹೋದ ಸೆಲ್‌ನಲ್ಲಿ ವಾಹನವೋ ಕಬ್ಬಿಣದ ಗೋಪುರವೋ ಇದೆ, ಬಿಟ್ಟುಬಿಡಿ, ಮ್ಯಾಟ್ರಿಕ್ಸನ್ನು ಮತ್ತೆ ಕಟ್ಟಿ. ಜರಡಿ ಬಿಗಿಯಾದರೆ ಇನ್ನೊಂದು ಅಪಾಯ: ಪ್ರಬಲ ಆದರೆ ನಿಜವಾದ ಕ್ಲಟರ್ ಇರುವ ಸೆಲ್‌ಗಳೂ ಹೊರಬಿದ್ದು, ಆಮೇಲೆ ಅವೇ ಸುಳ್ಳು ಗುರಿಗಳಾಗಿ ತಲೆ ಎತ್ತುತ್ತವೆ. ಒಂದೆರಡು ಸುತ್ತು ಸಾಕು.

ಇಷ್ಟು ಮಾಡಿದ ಮೇಲೆ ಟ್ರ್ಯಾಕ್ಟರ್ ಸಿಗುತ್ತದೆಯೇ ಅಂತ ಅದೊಂದನ್ನೇ ನೋಡುತ್ತ ಕೂರಬೇಡಿ. ನಿಮ್ಮ ನಿಜವಾದ ಡೇಟಾದೊಳಗೆ ಕೃತಕ ಗುರಿಯನ್ನು ಸೇರಿಸಿ, ಅದರ ವೇಗವನ್ನು 0.2 ಮೀಟರ್ ಹೆಜ್ಜೆಯಲ್ಲಿ 0ರಿಂದ 5ರ ತನಕ ಏರಿಸುತ್ತ, ಪ್ರತಿ ವೇಗಕ್ಕೂ ಎಷ್ಟು ಡೆಸಿಬೆಲ್ ಕಳೆದುಹೋಯಿತು ಅಂತ ಗೆರೆ ಎಳೆಯಿರಿ. ಆ ಗೆರೆ ಎಲ್ಲಿ ಕುಸಿಯುತ್ತದೋ ಅದೇ ನಿಮ್ಮ ರಾಡಾರ್‌ನ ಕನಿಷ್ಠ ಕಂಡುಹಿಡಿಯಬಲ್ಲ ವೇಗ. ಒಂದು ಟ್ರ್ಯಾಕ್ಟರ್, ಒಂದು ದಿನ, ಒಂದು ರಸ್ತೆಯ ಆಧಾರದ ಮೇಲೆ ಪ್ರೊಸೆಸರ್ ಬಗ್ಗೆ ತೀರ್ಪು ಕೊಡುವುದಕ್ಕಿಂತ ಇದು ಎಷ್ಟೋ ನಂಬಿಕೆಗೆ ಅರ್ಹ. ಕೃತಕ ಗುರಿಯನ್ನು ಕ್ಯಾಲಿಬ್ರೇಶನ್ ತಪ್ಪಿನೊಂದಿಗೇ ಸೇರಿಸಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಮತ್ತೆ ಸಿಮ್ಯುಲೇಶನ್‌ನ ಸುಖವೇ.

ವಿಮಾನ ಗಾಳಿಗೆ ಅಡ್ಡಡ್ಡ ಸರಿಯುತ್ತಿದ್ದರೆ, ಅಂದರೆ ಮೂತಿ ಒಂದು ಕಡೆ, ಸಾಗುವ ದಿಕ್ಕು ಇನ್ನೊಂದು ಕಡೆ ಇದ್ದರೆ, ಕ್ಲಟರ್‌ನ ನಡುಬಿಂದು ಸೊನ್ನೆಯಲ್ಲಿರುವುದಿಲ್ಲ. 3 ಡಿಗ್ರಿ ತಿರುಗಿದ್ದರೂ ನಿಮ್ಮ ವೇಗಕ್ಕೆ ಅದು 520 ಹರ್ಟ್ಸ್‌ನಷ್ಟು ಪಕ್ಕಕ್ಕೆ ಹೋಗುತ್ತದೆ. ವೇಟ್‌ಗಳು ಹೇಗೋ ಹೊಂದಿಕೊಳ್ಳುತ್ತವೆ, ಆದರೆ ನೀವು 74 ಹರ್ಟ್ಸ್ ಬಿನ್‌ನಲ್ಲಿ ಟ್ರ್ಯಾಕ್ಟರ್ ಹುಡುಕುತ್ತಿದ್ದರೆ ಅದು ಅಲ್ಲಿ ಇಲ್ಲವೇ ಇಲ್ಲ. ಲಾಗ್‌ನಲ್ಲಿ ಆ ಕೋನ ಎಷ್ಟಿತ್ತೆಂದು ನೋಡಿ. ಚಾನೆಲ್‌ಗಳ ಅಂತರ ಲೆಕ್ಕ ಹಾಕಿದ ಡಿಪಿಸಿಎ ಕೂಡ ಆ ಕೋನವನ್ನು ಮೊದಲು ತಿದ್ದಿಕೊಂಡರೆ ಮಾತ್ರ ಹೊಂದುತ್ತದೆ.

ಕೊನೆಗೆ ಹಣದ ಪ್ರಶ್ನೆ. ಭೌತಿಕವಾಗಿ ಈ ಗೋಡೆಯನ್ನು ಸರಿಸಬಲ್ಲದ್ದು ಆಂಟೆನಾದ ಉದ್ದ. 1991ರ ಕೊಲ್ಲಿ ಯುದ್ಧದಲ್ಲಿ ಮೊದಲ ಬಾರಿ ಬಳಕೆಗೆ ಬಂದ ಅಮೆರಿಕದ ಇ-8 ವಿಮಾನ ನೆಲದ ವಾಹನ ಹುಡುಕಲು ಹೊಟ್ಟೆಯ ಕೆಳಗೆ 24 ಅಡಿ, ಅಂದರೆ 7.3 ಮೀಟರ್ ಆಂಟೆನಾ ಹೊತ್ತಿತ್ತು. ಅಷ್ಟುದ್ದದ ಆಂಟೆನಾ ನಿಮ್ಮ ವೇಗದಲ್ಲಿ ಹಾರಿದರೆ ಕ್ಲಟರ್ ಹರವು 250ರಿಂದ 41 ಹರ್ಟ್ಸ್‌ಗೆ ಇಳಿಯುತ್ತದೆ, ನಿಮ್ಮ ಟ್ರ್ಯಾಕ್ಟರ್ ಏನೂ ಮಾಡದೆಯೇ ಹೊರಗೆ ಬಂದು ನಿಲ್ಲುತ್ತದೆ. ಆದರೆ ಅದು ಹೊಸ ವಿಮಾನದ ಮಾತು, ಒಂದು ಬದಲಾವಣೆಯ ಹಣದಲ್ಲಿ ಆಗುವಂಥದಲ್ಲ.

ಆದ್ದರಿಂದ ಆ ಹಣವನ್ನು ಪವರ್ ಆಂಪ್ಲಿಫೈಯರ್‌ಗೂ ಹಾಕಬೇಡಿ, ದೊಡ್ಡ ಕಂಪ್ಯೂಟರ್‌ಗೂ ಹಾಕಬೇಡಿ. 24 ಆಯಾಮಕ್ಕೆ ಈಗಿನ ಕಂಪ್ಯೂಟರ್ ಧಾರಾಳ. ಇದ್ದ ಡೇಟಾದ ಮೇಲೆ ಡಿಪಿಸಿಎ ಮತ್ತು ಐಗನ್ ಪರೀಕ್ಷೆ ಮೊದಲು ಮಾಡಿ. ಕ್ಲಟರ್ 30 ಡೆಸಿಬೆಲ್ ಕೂಡ ಇಳಿಯದಿದ್ದರೆ ಹಣ ಚಾನೆಲ್‌ಗಳ ಕ್ಯಾಲಿಬ್ರೇಶನ್‌ಗೆ ಹೋಗಲಿ, ಬ್ಯಾಂಡ್‌ನ ಉದ್ದಕ್ಕೂ ಸರಿಹೊಂದಿಸುವಂಥ ಕ್ಯಾಲಿಬ್ರೇಶನ್‌ಗೆ. 35ರ ಹತ್ತಿರ ಇಳಿದರೆ ಹಾರ್ಡ್‌ವೇರ್ ಮುಟ್ಟಬೇಡಿ, ಇನ್ನೊಂದು ಹಾರಾಟದ ಗಂಟೆಗಳಿಗೆ ಕೊಡಿ. ಆ ಹಾರಾಟದಲ್ಲಿ ದಾರಿಯನ್ನು ರಸ್ತೆಗೆ ಅಡ್ಡವಾಗಿ ಇಡಿ. ಪಕ್ಕಕ್ಕೆ ನೋಡುವ ಆಂಟೆನಾಗೆ ಆಗ ರಸ್ತೆ ನೋಟದ ರೇಖೆಯ ಉದ್ದಕ್ಕೇ ಬೀಳುತ್ತದೆ, 8 ಕಿ.ಮೀ. ವೇಗದ ಟ್ರ್ಯಾಕ್ಟರ್‌ನ ಪೂರ್ತಿ 2.2 ಮೀಟರ್ ವೇಗ ಡಾಪ್ಲರ್‌ಗೆ ಸಿಗುತ್ತದೆ. 74 ಇದ್ದದ್ದು 148 ಹರ್ಟ್ಸ್ ಆಗುತ್ತದೆ, ಮುಖ್ಯ ಹರವಿನ 125ರ ಆಚೆಗೆ. ಒಂದೇ ತೊಡಕು, ರಸ್ತೆ ಆಗ ರೇಂಜ್‌ನ ಉದ್ದಕ್ಕೂ ಚಾಚಿಕೊಂಡು ನಿಮ್ಮ ಕಲಿಕೆಯ ಸೆಲ್‌ಗಳಲ್ಲೆಲ್ಲ ವಾಹನಗಳನ್ನು ತುಂಬುತ್ತದೆ. ನಕ್ಷೆ ನೋಡಿ ಸೆಲ್ ಬಿಡುತ್ತ ಹೋದರೆ ಉಳಿಯುವುದೇ ಇಲ್ಲ. ಅಲ್ಲಿ ಜರಡಿಯನ್ನೇ ನಂಬಬೇಕು, ಇಲ್ಲವೇ ಅಕ್ಕಪಕ್ಕದ ಬೀಮ್ ಸ್ಥಾನಗಳಿಂದ, ರಸ್ತೆ ಇಲ್ಲದ ನೆಲದಿಂದ ಮಾದರಿ ತಂದು ದಿಕ್ಕಿನ ವ್ಯತ್ಯಾಸವನ್ನು ತಿದ್ದಿಕೊಂಡು ಬಳಸಬೇಕು. ಸಾಧ್ಯವಾದರೆ ವಾಹನ ಸಂಚಾರ ಕಡಿಮೆ ಇರುವ ಹೊತ್ತಿನಲ್ಲಿ, ಗಾಳಿ ಬೀಸದ ದಿನ ಹಾರಿ.